ಹೃದಯಕ್ಕೆ ರೇಡಿಯೇಷನ್ ಕೊಟ್ಟರೆ ಹೃದಯವೇ ಹಾಳಾಗುವುದಿಲ್ಲವೇ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನ್ನ ತಂದೆಗೆ 67 ವರ್ಷ. ಒಂಬತ್ತು ವರ್ಷದ ಹಿಂದೆ ದೊಡ್ಡ ಹಾರ್ಟ್ ಅಟ್ಯಾಕ್ ಆಗಿತ್ತು. ಆಮೇಲೆ ಎದೆಯಲ್ಲಿ ಐಸಿಡಿ (ಬಡಿತ ಕೆಟ್ಟಾಗ ತಾನೇ ಶಾಕ್ ಕೊಡುವ ಪುಟ್ಟ ಯಂತ್ರ) ಹಾಕಿದರು. ಎರಡು ವರ್ಷದಿಂದ ಅವರ ಹೃದಯ ಇದ್ದಕ್ಕಿದ್ದಂತೆ ಓಡಲು ಶುರುಮಾಡುತ್ತದೆ, ಆಗೆಲ್ಲ ಐಸಿಡಿ ಶಾಕ್ ಹೊಡೆಯುತ್ತದೆ. ಬಡಿತ ಹತೋಟಿಯಲ್ಲಿಡಲು ಅಮಿಯೊಡರೋನ್ ಮಾತ್ರೆ ನಡೆದೇ ಇದೆ. ಎರಡು ಸಲ ಕ್ಯಾಥೆಟರ್ ಅಬ್ಲೇಶನ್ ಮಾಡಿಸಿದೆವು. ಕೆಲವು ತಿಂಗಳು ಚೆನ್ನಾಗಿದ್ದರು, ಮತ್ತೆ ಅದೇ ಕಥೆ. ಶಾಕ್‌ನ ಭಯಕ್ಕೆ ಅಪ್ಪ ಈಗ ಸ್ನಾನದ ಮನೆಯ ಚಿಲಕವನ್ನೂ ಹಾಕುವುದಿಲ್ಲ. ಈಗ ಡಾಕ್ಟರ್, ಹೃದಯದ ಆ ಜಾಗಕ್ಕೆ ಒಂದೇ ಸಲ ರೇಡಿಯೇಷನ್ ಕೊಡುವ ಬಗ್ಗೆ ಯೋಚಿಸಿ ಅಂದಿದ್ದಾರೆ. ನನ್ನ ಸೋದರತ್ತೆಗೆ ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟಿದ್ದರು. ಹದಿನೈದು ವರ್ಷದ ನಂತರ ಅವರಿಗೆ ಹೃದಯದ ರಕ್ತನಾಳ ಕಟ್ಟಿಕೊಂಡಿತು. ಅದಕ್ಕೆ ರೇಡಿಯೇಷನ್ ಕಾರಣ ಇರಬಹುದು ಎಂದು ಅವರ ಡಾಕ್ಟರೇ ಹೇಳಿದ್ದರು. ಹಾಗಿದ್ದ ಮೇಲೆ ಅಪ್ಪನ ಹೃದಯಕ್ಕೆ ಬೇಕೆಂದೇ ರೇಡಿಯೇಷನ್ ಕೊಡಿಸುವುದು ಹೇಗೆ? ಒಳಗೆ ಸುಟ್ಟುಹೋಗುವುದಿಲ್ಲವಾ? ಐಸಿಡಿ ಕೆಡುವುದಿಲ್ಲವಾ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅವರು ಅಪ್ಪನ ಹತ್ತಿರ ಹೋಗಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಅದು ಸುಲಭದ್ದು. ಮೊಮ್ಮಕ್ಕಳು ಅವತ್ತೇ ಸಂಜೆ ಅಜ್ಜನ ತೊಡೆಯ ಮೇಲೆ ಕೂರಬಹುದು. ಕಿರಣ ಹೊರಗಿನ ಯಂತ್ರದಿಂದ ಬರುತ್ತದೆ, ಯಂತ್ರ ನಿಂತ ಕ್ಷಣಕ್ಕೆ ಅದೂ ನಿಲ್ಲುತ್ತದೆ. ಮೈಯಲ್ಲಿ ಏನೂ ಉಳಿಯುವುದಿಲ್ಲ.

ಉಳಿದದ್ದು ಅಷ್ಟು ಸುಲಭವಲ್ಲ. ಅತ್ತೆಯವರ ಹೃದಯಕ್ಕೆ ಕೆಟ್ಟದ್ದು ಮಾಡಿದ ಕಿರಣ ಅಪ್ಪನ ಹೃದಯಕ್ಕೆ ಹೇಗೆ ಒಳ್ಳೆಯದು ಮಾಡೀತು ಎಂದು ಕೇಳಿದ್ದೀರಿ. ಈ ಚಿಕಿತ್ಸೆಯ ಸುದ್ದಿ ಮೊದಲು ಬಂದಾಗ ನಮ್ಮಂಥ ಹೃದಯಬಡಿತದ ಡಾಕ್ಟರುಗಳೂ ಇದನ್ನೇ ಕೇಳಿದ್ದೆವು. ನೀವು ಹೇಳುವ ಹಾನಿ ನಿಜ. ಡಾಕ್ಟರ್ ಹೇಳುವ ಉಪಯೋಗವೂ ನಿಜ. ಆದರೆ ಉಪಯೋಗ ಕಾಣಿಸುವುದು ದಿನ, ವಾರಗಳಲ್ಲಿ. ಹಾನಿಯ ದೊಡ್ಡ ಪಾಲು ಕಾಣಿಸುವುದು ವರ್ಷಗಳ ಮೇಲೆ. ನಿಮ್ಮ ಮನೆಯ ತೀರ್ಮಾನ ಈ ಎರಡರ ನಡುವೆಯೇ ಆಗಬೇಕು.

ಮೊದಲು ಅಪ್ಪನ ಹೃದಯದಲ್ಲಿ ನಡೆಯುತ್ತಿರುವುದೇನು ಎಂದು ನೋಡೋಣ. ಹಾರ್ಟ್ ಅಟ್ಯಾಕ್ ಆದ ಜಾಗದಲ್ಲಿ ಸ್ನಾಯು ಸತ್ತು ಗಾಯದ ಕಲೆ ಕಟ್ಟುತ್ತದೆ. ಪೂರ್ತಿ ಸತ್ತ ಭಾಗದಲ್ಲಿ ವಿದ್ಯುತ್ ಹರಿಯುವುದೇ ಇಲ್ಲ, ಅದು ಸುಮ್ನೆ ಬಿದ್ದಿರುತ್ತದೆ. ತರಲೆ ಮಾಡುವುದು ಕಲೆಯ ಒಳಗೂ ಅಂಚಿನಲ್ಲೂ ಅರೆಜೀವವಾಗಿ ಉಳಿದುಕೊಂಡ ಸ್ನಾಯುವಿನ ಎಳೆಗಳು. ಅವುಗಳಲ್ಲಿ ವಿದ್ಯುತ್ ಅಲೆ ತೆವಳುತ್ತದೆ. ಅದು ತೆವಳಿ ಆಚೆ ಬದಿಗೆ ಬರುವಷ್ಟರಲ್ಲಿ ಸುತ್ತಲಿನ ಸ್ನಾಯು ಸುಧಾರಿಸಿಕೊಂಡು ಇನ್ನೊಂದು ಬಡಿತಕ್ಕೆ ತಯಾರಾಗಿರುತ್ತದೆ. ಅಲೆ ಅಲ್ಲಿಂದ ಹಾದು, ತಿರುಗಿ ಅದೇ ದಾರಿಗೆ ಹೊಕ್ಕು, ಗಾಣದ ಎತ್ತಿನ ಹಾಗೆ ಕಲೆಯನ್ನು ಸುತ್ತುತ್ತಲೇ ಇರುತ್ತದೆ. ಒಂದು ಸುತ್ತಿಗೆ ಒಂದು ಬಡಿತ. ಹೀಗೆ ನಿಮಿಷಕ್ಕೆ 150, 200 ಬಡಿತ ಆಗಬಹುದು. ಇದೇ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾ. ನಾವು ವಿಟಿ ಅನ್ನುತ್ತೇವೆ. ಅಷ್ಟು ವೇಗದಲ್ಲಿ ಹೃದಯ ತುಂಬಿಕೊಳ್ಳಲು ಸಮಯ ಸಿಗುವುದಿಲ್ಲ. ಬಿಪಿ ಬೀಳುತ್ತದೆ, ಜೀವವೂ ಹೋಗಬಹುದು. ಐಸಿಡಿ ಆ ಸುತ್ತನ್ನು ಒಡೆಯುತ್ತದೆ. ಆದರೆ ಸುತ್ತು ಹುಟ್ಟುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಕ್ಯಾಥೆಟರ್ ಅಬ್ಲೇಶನ್‌ನಲ್ಲಿ ನಾವು ಆ ದಾರಿಯನ್ನೇ ಸುಡುತ್ತೇವೆ. ತೊಡೆಯ ರಕ್ತನಾಳದಿಂದ ತಂತಿ ತೂರಿಸಿ, ಹೃದಯದ ಒಳಗೋಡೆಗೆ ತಾಗಿಸಿ ಬಿಸಿ ಕೊಡುತ್ತೇವೆ. ಆ ಬಿಸಿ ಇಳಿಯುವುದು ಕೆಲವೇ ಮಿಲಿಮೀಟರ್ ಆಳಕ್ಕೆ. ದಾರಿ ಗೋಡೆಯ ನಟ್ಟನಡುವೆ ಇದ್ದರೆ, ಎರಡು ಕೋಣೆಗಳ ನಡುವಿನ ದಪ್ಪ ಗೋಡೆಯಲ್ಲಿದ್ದರೆ, ಮೇಲೆ ರಕ್ತ ಹೆಪ್ಪುಗಟ್ಟಿ ಕೂತಿದ್ದರೆ ನಮ್ಮ ಬಿಸಿ ಅಲ್ಲಿಗೆ ಮುಟ್ಟುವುದಿಲ್ಲ. ಅಪ್ಪನಿಗೆ ಎರಡು ಸಲವೂ ಕೆಲವು ತಿಂಗಳು ಆರಾಮ ಸಿಕ್ಕಿ ಮತ್ತೆ ಮರುಕಳಿಸಿದ್ದಕ್ಕೆ ಇಂಥದ್ದೇ ಕಾರಣ ಇರಬಹುದು. ಎಕ್ಸ್‌ರೇ ಜಾತಿಯ ಕಿರಣಕ್ಕೆ ಆಳದ ಅಡ್ಡಿ ಇಲ್ಲ. ರೇಡಿಯೇಷನ್‌ನ ಯೋಚನೆ ಹುಟ್ಟಿದ್ದೇ ಇಲ್ಲಿಂದ.

ಮನುಷ್ಯರ ವಿಟಿಗೆ ಇದನ್ನು ಮೊದಲು ಕೊಟ್ಟದ್ದು 2012ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ. ಎಲ್ಲರೂ ತಿರುಗಿ ನೋಡಿದ್ದು ಮಾತ್ರ 2017ರ ಡಿಸೆಂಬರ್‌ನಲ್ಲಿ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಹೃದಯತಜ್ಞ ಫಿಲಿಪ್ ಕುಕುಲಿಚ್, ರೇಡಿಯೇಷನ್ ತಜ್ಞ ಕ್ಲಿಫರ್ಡ್ ರಾಬಿನ್ಸನ್ ಮತ್ತು ಅವರ ತಂಡ ಐದು ರೋಗಿಗಳ ವರದಿ ಪ್ರಕಟಿಸಿದರು. ಚಿಕಿತ್ಸೆಗೆ ಮುಂಚಿನ ಮೂರು ತಿಂಗಳಲ್ಲಿ ಆ ಐವರಿಗೂ ಸೇರಿ 6,577 ಸಲ ವಿಟಿ ಬಂದಿತ್ತು. ಒಂದೇ ಸಲ 25 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ) ಕಿರಣ ಕೊಟ್ಟ ಮೇಲೆ, ಮೊದಲ ಆರು ವಾರದಲ್ಲಿ 680 ಸಲ. ಅಲ್ಲಿಂದ ಮುಂದೆ, ಎಲ್ಲರ ತಿಂಗಳುಗಳನ್ನೂ ಕೂಡಿಸಿ 46 ತಿಂಗಳಲ್ಲಿ ಬರೀ ನಾಲ್ಕು ಸಲ.

ಇಂಟರ್ನೆಟ್ಟಿನಲ್ಲಿ ಓಡಾಡುವ '99.9% ವಾಸಿ' ಅನ್ನುವ ಮಾತು ಈ ಲೆಕ್ಕದಿಂದ ಬಂದದ್ದು. ಅದನ್ನು ಹಾಗೇ ನುಂಗಬೇಡಿ. ಅದು ಐದು ಜನರ ಲೆಕ್ಕ, ಅದರಲ್ಲೂ ವಿಟಿ ಎಷ್ಟು ಸಲ ಬಂತು ಅನ್ನುವ ಲೆಕ್ಕ. ಅವರ ಪೈಕಿ 83 ವರ್ಷದ ಒಬ್ಬರು ಮೂರನೇ ವಾರದಲ್ಲಿ ಪಾರ್ಶ್ವವಾಯು ಹೊಡೆದು ತೀರಿಕೊಂಡರು. 2019ರಲ್ಲಿ ಅದೇ ತಂಡ 19 ಜನರ ಫಲಿತಾಂಶ ಕೊಟ್ಟಿತು. ಲೆಕ್ಕಕ್ಕೆ ಸಿಕ್ಕ 18 ಜನರಲ್ಲಿ 17 ಜನಕ್ಕೆ ಬಡಿತದ ತೊಂದರೆ ಕಡಿಮೆಯಾಗಿತ್ತು. ಒಂದು ವರ್ಷದ ಹೊತ್ತಿಗೆ ಬದುಕಿದ್ದವರು 72%. ಉಳಿದವರ ಸಾವನ್ನೆಲ್ಲ ರೇಡಿಯೇಷನ್ ತಲೆಗೆ ಕಟ್ಟಲು ಬರುವುದಿಲ್ಲ. ಬೇರೆ ದಾರಿ ಮುಗಿದು, ಹೃದಯ ಪೂರ್ತಿ ಸೋತವರೇ ಈ ಚಿಕಿತ್ಸೆಗೆ ಬಂದಿದ್ದರು. ಆದರೆ ಬಡಿತ ಸರಿಹೋದ ಮಾತ್ರಕ್ಕೆ ಹೃದಯ ಗಟ್ಟಿಯಾಯಿತು ಅಂತಲ್ಲ. ನಿಮ್ಮ ಅಪ್ಪನ ವಿಷಯದಲ್ಲೂ ಇದು ನೆನಪಿರಲಿ.

ಈಗ ಸುಡುವ ಮಾತಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಕುತೂಹಲದ ಭಾಗ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಶುರುವಿನಲ್ಲಿ ನಾವೆಲ್ಲ ಅಂದುಕೊಂಡದ್ದು ಹೀಗಿತ್ತು: ಕಿರಣವೂ ಕ್ಯಾಥೆಟರ್ ಥರವೇ ಜೀವಕೋಶಗಳನ್ನು ಕೊಲ್ಲುತ್ತದೆ, ಅರೆಜೀವದ ಎಳೆಗಳು ಸತ್ತು ಅಲ್ಲಿ ಗಟ್ಟಿ ಕಲೆ ಕಟ್ಟುತ್ತದೆ, ದಾರಿ ಮುಚ್ಚುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ ಹೊತ್ತು ಹೊಂದುತ್ತಿರಲಿಲ್ಲ. ರೇಡಿಯೇಷನ್‌ನಿಂದ ಗಟ್ಟಿ ಕಲೆ ಕಟ್ಟಲು ತಿಂಗಳುಗಟ್ಟಲೆ ಬೇಕು. ರೋಗಿಗಳಲ್ಲಿ ವಿಟಿ ಕೆಲವೇ ದಿನ, ವಾರಗಳಲ್ಲಿ ಇಳಿಯುತ್ತಿತ್ತು. ಕಲೆ ಕಟ್ಟುವ ಮೊದಲೇ ದಾರಿ ಮುಚ್ಚಿದ್ದು ಯಾರು?

ಅದೇ ಸೇಂಟ್ ಲೂಯಿಸ್‌ನ ಸಂಶೋಧಕರು 2021ರಲ್ಲಿ ಒಂದು ಉತ್ತರ ಕೊಟ್ಟರು. ಈ ಚಿಕಿತ್ಸೆ ಪಡೆದಿದ್ದ ಕೆಲವು ರೋಗಿಗಳ ಹೃದಯದ ಊತಕವನ್ನು, ಅವರು ತೀರಿಕೊಂಡ ಮೇಲೋ ಹೃದಯ ಕಸಿಯಾದಾಗಲೋ, ಪರೀಕ್ಷೆ ಮಾಡಿ ನೋಡಿದರು. ಗೋಡೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊಸ ಕಲೆ ಕಟ್ಟಿದ್ದು ಕಾಣಲಿಲ್ಲ. ಸ್ನಾಯು ಬದುಕಿತ್ತು. ಇಲಿಗಳ ಹೃದಯಕ್ಕೆ ಅದೇ 25 ಗ್ರೇ ಕೊಟ್ಟು ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. ಹೃದಯದ ಜೀವಕೋಶದ ಗೋಡೆಯಲ್ಲಿ ಸೋಡಿಯಂ ಒಳಹೋಗಲು ಪುಟ್ಟ ಬಾಗಿಲುಗಳಿರುತ್ತವೆ. ವಿದ್ಯುತ್ ಅಲೆ ಎಷ್ಟು ಚುರುಕಾಗಿ ಹೊರಡುತ್ತದೆ ಅನ್ನುವುದು ಅವುಗಳ ಮೇಲೆ ನಿಂತಿದೆ. ಒಂದು ಕೋಶಕ್ಕೂ ಪಕ್ಕದ ಕೋಶಕ್ಕೂ ಕೊಂಡಿ ಹಾಕುವ ಪ್ರೋಟೀನ್‌ಗಳೂ ಇರುತ್ತವೆ. ರೇಡಿಯೇಷನ್ ಆದ ಮೇಲೆ ಈ ಎರಡೂ ಹೆಚ್ಚಾಗಿದ್ದವು. ಅಲೆ ತೆವಳುವುದು ಬಿಟ್ಟು ಚುರುಕಾಗಿ ಹರಿಯುತ್ತಿತ್ತು.

ವಿಟಿ ನಡೆಯುವುದೇ ಅಲೆ ನಿಧಾನವಾಗಿರುವುದರಿಂದ, ಅಲ್ವಾ? ಅಲೆ ಬೇಗ ಬಂದುಬಿಟ್ಟರೆ ಮುಂದಿನ ಸ್ನಾಯು ಇನ್ನೂ ಸುಧಾರಿಸಿಕೊಂಡಿರುವುದಿಲ್ಲ. ಅಲೆ ಅಲ್ಲೇ ಆರಿಹೋಗುತ್ತದೆ, ಸುತ್ತು ಮುರಿಯುತ್ತದೆ. ಇದರ ಹಿಂದೆ ನಾಚ್ ಎಂಬ ಸಂಕೇತ ವ್ಯವಸ್ಥೆ ಇದೆ ಎಂದು ಆ ಸಂಶೋಧಕರು ತೋರಿಸಿದರು. ಗರ್ಭದಲ್ಲಿ ಹೃದಯ ರೂಪುಗೊಳ್ಳುವಾಗ ಇದು ಜೋರಾಗಿ ಕೆಲಸ ಮಾಡುತ್ತದೆ, ದೊಡ್ಡವರಲ್ಲಿ ಹೆಚ್ಚುಕಮ್ಮಿ ಮಲಗಿರುತ್ತದೆ. ಕಿರಣ ಅದನ್ನು ಸ್ವಲ್ಪ ಎಬ್ಬಿಸುತ್ತದೆ.

ಇದೇ ಪೂರ್ತಿ ಕಥೆ ಎಂದು ನಾನು ಹೇಳುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಕಲೆಯ ಪಾತ್ರವೂ ಸ್ವಲ್ಪ ಇರಬಹುದು, ಈ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆಯುತ್ತಲೇ ಇದೆ. ಆದರೆ ನಿಮ್ಮ ಪ್ರಶ್ನೆಗೆ ಇಷ್ಟು ಸಾಕು: 25 ಗ್ರೇ ಡೋಸ್‌ನಲ್ಲಿ ಹೃದಯದ ಸ್ನಾಯು ಸುಟ್ಟು ಕರಕಲಾಗುವುದಿಲ್ಲ. ರೇಡಿಯೇಷನ್ ಮುಖ್ಯವಾಗಿ ಕೊಲ್ಲುವುದು ಮತ್ತೆ ಮತ್ತೆ ಒಡೆದು ಬೆಳೆಯುವ ಕೋಶಗಳನ್ನು. ಕ್ಯಾನ್ಸರ್‌ಗೆ ಅದು ಕೆಲಸ ಮಾಡುವುದೂ ಹಾಗೆಯೇ. ಹೃದಯದ ಸ್ನಾಯುಕೋಶ ಒಡೆಯುವುದು ತೀರಾ ಅಪರೂಪ, ಹಾಗಾಗಿ ಅದು ತಡೆದುಕೊಳ್ಳುತ್ತದೆ. ಐವರ ಆ ವರದಿಯಲ್ಲೂ ಹೃದಯದ ಪಂಪಿಂಗ್ ಶಕ್ತಿ ಸರಾಸರಿ ಕುಗ್ಗಿರಲಿಲ್ಲ.

ಹಾಗಾದರೆ ಅತ್ತೆಗೆ ಆದದ್ದೇನು? ಹೃದಯದಲ್ಲಿ ರೇಡಿಯೇಷನ್‌ಗೆ ನಲುಗುವುದು ಸ್ನಾಯುವಿಗಿಂತ ರಕ್ತನಾಳಗಳು. ಕೂದಲಿಗಿಂತ ಸಣ್ಣ ನಾಳಗಳ ಒಳಪದರ ಊದಿಕೊಳ್ಳುತ್ತದೆ, ವರ್ಷಗಳು ಕಳೆದಂತೆ ಅವು ಕಡಿಮೆಯಾಗುತ್ತವೆ. ದೊಡ್ಡ ನಾಳಗಳಲ್ಲಿ ಕೊಬ್ಬು ಬೇಗ ಕೂಡುತ್ತದೆ. ಹೃದಯದ ಸುತ್ತಲಿನ ಪೊರೆ ದಪ್ಪವಾಗಬಹುದು, ಕವಾಟಗಳು ಬಿರುಸಾಗಬಹುದು. ಸ್ವೀಡನ್ ಮತ್ತು ಡೆನ್ಮಾರ್ಕ್‌ನಲ್ಲಿ ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದ ಮಹಿಳೆಯರ ದೊಡ್ಡ ಅಧ್ಯಯನವೊಂದು 2013ರಲ್ಲಿ ಬಂತು. ಹೃದಯಕ್ಕೆ ಬಿದ್ದ ಸರಾಸರಿ ಡೋಸ್ ಒಂದು ಗ್ರೇ ಹೆಚ್ಚಾದಂತೆ, ಹಾರ್ಟ್ ಅಟ್ಯಾಕ್‌ನಂಥ ದೊಡ್ಡ ತೊಂದರೆಯ ಅಪಾಯ 7.4%ರಷ್ಟು ಏರುತ್ತದೆ ಎಂದು ಅದು ತೋರಿಸಿತು. ಅಪಾಯ ಮೊದಲ ಐದು ವರ್ಷದೊಳಗೇ ಶುರುವಾಗಿ ಇಪ್ಪತ್ತು ವರ್ಷ ದಾಟಿದರೂ ಇರುತ್ತದೆ. ಅತ್ತೆಯವರ ಡಾಕ್ಟರ್ ಹೇಳಿದ್ದು ಊಹೆಯ ಮಾತಲ್ಲ.

ಅಪ್ಪನಿಗೂ ಅತ್ತೆಗೂ ಎರಡು ಮುಖ್ಯ ವ್ಯತ್ಯಾಸ ಇವೆ. ಅಪ್ಪನಿಗೆ ಕಿರಣವನ್ನು ಗುರಿಯಿಟ್ಟು ಕೊಡುವುದು ಆಗಲೇ ಕಲೆಯಾಗಿರುವ ಒಂದು ತುಂಡಿಗೆ. ಉಳಿದ ಹೃದಯಕ್ಕೆ ಬೀಳುವುದು ಅದರ ಒಂದು ಪಾಲು, ಆದರೆ ಸೊನ್ನೆಯಲ್ಲ. ಇನ್ನೊಂದು, ಕಾಲ. ವಿಟಿಯ ಬಿರುಗಾಳಿಯಲ್ಲಿ ಇರುವವರಿಗೆ ಮುಂದಿನ ಆರು ತಿಂಗಳೇ ದೊಡ್ಡ ಪ್ರಶ್ನೆ. ಹದಿನೈದು ವರ್ಷದ ನಂತರದ ಹಾನಿಗೆ ಅಲ್ಲಿ ತೂಕ ಕಡಿಮೆ. ಮೂವತ್ತೈದು ವರ್ಷದ ರೋಗಿಯಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ಹಾಗಂತ 25 ಗ್ರೇ ಅಂದರೆ ಕಡಿಮೆ ಅಂದುಕೊಳ್ಳಬೇಡಿ. ಸ್ತನ ಕ್ಯಾನ್ಸರ್‌ಗೆ 50 ಗ್ರೇವರೆಗೆ ಕೊಡುತ್ತಿದ್ದರಲ್ಲ, ಇದು ಅರ್ಧವೇ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ದಿನಕ್ಕೆ 2 ಗ್ರೇಯಂತೆ ಐದು ವಾರ ಹಂಚುತ್ತಿದ್ದರು, ಒಳ್ಳೆಯ ಕೋಶಗಳಿಗೆ ದಿನವೂ ರಿಪೇರಿಗೆ ಸಮಯ ಸಿಗುತ್ತಿತ್ತು. ಇಲ್ಲಿ ಪೂರ್ತಿ 25 ಒಂದೇ ಏಟಿಗೆ. ಕಿರಣ ನೇರವಾಗಿ ಬಿದ್ದ ಊತಕಕ್ಕೆ ಇದೇ ಹೆಚ್ಚು ಭಾರ. ಪಕ್ಕದ ಅಂಗಗಳ ಬಗ್ಗೆ ನಮಗೆ ಭಯ ಇರುವುದು ಇದಕ್ಕೇ.

ಚಿಕಿತ್ಸೆಯ ದಿನದಲ್ಲಿ ಹೇಳುವಂಥದ್ದು ಏನೂ ಇಲ್ಲ. ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಕೊಯ್ಯುವುದಿಲ್ಲ, ನೋವಿಲ್ಲ. ಯಂತ್ರದ ಕೆಳಗೆ ಅಲುಗಾಡದೆ ಮಲಗಬೇಕು. ಆ ಮೊದಲ ರೋಗಿಗಳಿಗೆ ಸರಾಸರಿ ಹದಿನಾಲ್ಕು ನಿಮಿಷ ಹಿಡಿದಿತ್ತು. ಕಷ್ಟ ಇರುವುದು ಅದಕ್ಕೂ ಮೊದಲಿನ ತಯಾರಿಯಲ್ಲಿ. ವಿಟಿ ಹುಟ್ಟುವ ಜಾಗವನ್ನು ಇಸಿಜಿ, ಸ್ಕ್ಯಾನ್, ಹಿಂದಿನ ಅಬ್ಲೇಶನ್‌ನ ನಕ್ಷೆ ಎಲ್ಲ ಸೇರಿಸಿ ಗುರುತಿಸಬೇಕು. ಹೃದಯ ಬಡಿಯುತ್ತಿರುತ್ತದೆ, ಉಸಿರಿಗೆ ಮೇಲೆ ಕೆಳಗೆ ಹೋಗುತ್ತದೆ. ಗುರಿ ಅಷ್ಟೂ ಓಡಾಟವನ್ನು ಒಳಗೊಳ್ಳಬೇಕು. ಇದು ಬಡಿತದ ತಜ್ಞರು, ರೇಡಿಯೇಷನ್ ತಜ್ಞರು, ಭೌತವಿಜ್ಞಾನಿ ಮೂವರೂ ಒಟ್ಟಿಗೆ ಕೂತು ಮಾಡುವ ಕೆಲಸ. ಆಸ್ಪತ್ರೆಯಲ್ಲಿ ಅಂಥ ತಂಡ ಇಲ್ಲದಿದ್ದರೆ, ಯಂತ್ರ ಎಷ್ಟೇ ಹೊಸದಿರಲಿ, ನಾನು ರೋಗಿಯನ್ನು ಕಳಿಸುವುದಿಲ್ಲ.

ಐಸಿಡಿಗೆ ಕಿರಣ ನೇರವಾಗಿ ಬಿದ್ದರೆ ಅದರ ಒಳಗಿನ ಚಿಪ್ ಎಡವಟ್ಟಾಗಬಹುದು. ಹಾಗಾಗಿ ಕಿರಣವನ್ನು ಅದರಿಂದ ದೂರ ಇಡುತ್ತಾರೆ. ತೀರಾ ಹೆಚ್ಚಿನ ಶಕ್ತಿಯ ಕಿರಣ ಬಳಸುವುದಿಲ್ಲ, ಏಕೆಂದರೆ ಅದರಿಂದ ಹೊಮ್ಮುವ ನ್ಯೂಟ್ರಾನ್‌ಗಳೇ ಚಿಪ್‌ಗೆ ಹೆಚ್ಚು ಕೆಟ್ಟವು. ಚಿಕಿತ್ಸೆಯ ಹೊತ್ತಿಗೆ ಶಾಕ್ ಆಫ್ ಮಾಡಿ, ಪಕ್ಕದಲ್ಲಿ ಹೊರಗಿನ ಶಾಕ್ ಯಂತ್ರ ಇಟ್ಟುಕೊಂಡಿರುತ್ತಾರೆ. ಮುಗಿದ ಮೇಲೆ ಐಸಿಡಿಯನ್ನು ಪರೀಕ್ಷಿಸಿ ಮತ್ತೆ ಆನ್ ಮಾಡುತ್ತಾರೆ. ಆನ್ ಮಾಡಿದಿರಾ ಎಂದು ಕೇಳಿಯೇ ಮನೆಗೆ ಹೊರಡಿ. ಕೇಳುವುದಕ್ಕೆ ಸಂಕೋಚ ಬೇಡ.

ಅಪಾಯಗಳಲ್ಲಿ ಮೊದಲಿನದು ಶ್ವಾಸಕೋಶ. ಹೃದಯಕ್ಕೆ ಅಂಟಿಕೊಂಡ ಭಾಗದಲ್ಲಿ ಒಂದರಿಂದ ಆರು ತಿಂಗಳ ಒಳಗೆ ಉರಿಯೂತ ಬರಬಹುದು: ಒಣಕೆಮ್ಮು, ಸಣ್ಣ ಜ್ವರ, ಏದುಸಿರು. ಹೆಚ್ಚಿನವರಿಗೆ ಸ್ಟೀರಾಯ್ಡ್‌ನಿಂದ ಇಳಿಯುತ್ತದೆ. ಅಮಿಯೊಡರೋನ್ ಕೂಡ ಶ್ವಾಸಕೋಶ ಕೆಡಿಸಬಲ್ಲ ಔಷಧಿ, ಆದ್ದರಿಂದ ಅಪ್ಪನಿಗೆ ಮೊದಲೇ ಶ್ವಾಸಕೋಶದ ಸ್ಕ್ಯಾನ್ ಮತ್ತು ಉಸಿರಾಟದ ಪರೀಕ್ಷೆ ಆಗಲಿ. ಹೃದಯದ ಪೊರೆಯಲ್ಲಿ ಊತ, ನೀರು ತುಂಬುವುದು ಕಂಡಿದೆ. ಹಾರ್ಟ್ ಫೇಲ್ಯೂರ್ ಕೆಲಕಾಲ ಹೆಚ್ಚಾದದ್ದೂ ಇದೆ. ಕವಾಟ ಸೋರುವುದು ಜಾಸ್ತಿಯಾದ ವರದಿಗಳೂ ಬಂದಿವೆ.

ನನಗೆ ತುಂಬಾ ಭಯ ಇರುವುದು ಹೊಟ್ಟೆಯದು. ಹೃದಯದ ತಳಭಾಗ ಜಠರದ ಮೇಲೇ ಕೂತಿರುತ್ತದೆ, ನಡುವೆ ಇರುವುದು ತೆಳುವಾದ ವಪೆ. ಕಲೆ ಅಲ್ಲೇ ಇದ್ದರೆ ಜಠರಕ್ಕೂ ಡೋಸ್ ಬೀಳುತ್ತದೆ. ಎರಡು ವರ್ಷದ ಮೇಲೆ ಜಠರಕ್ಕೂ ಹೃದಯದ ಪೊರೆಗೂ ನಡುವೆ ತೂತಾದ ಘಟನೆ ವರದಿಯಾಗಿದೆ. ಅಪರೂಪ, ಆದರೆ ಜೀವಕ್ಕೆ ಕುತ್ತು ತರುವಂಥದ್ದು. ಆದ್ದರಿಂದ ನಿಮ್ಮ ಡಾಕ್ಟರನ್ನು ಮೊದಲು ಕೇಳಬೇಕಾದ್ದು: 'ಅಪ್ಪನ ಕಲೆ ಎಲ್ಲಿದೆ? ಜಠರ, ಅನ್ನನಾಳದಿಂದ ಎಷ್ಟು ದೂರ?' ಇದಕ್ಕೆ ಅವರು ಸ್ಕ್ಯಾನ್ ತೆರೆದು ತೋರಿಸಿ ಉತ್ತರ ಕೊಡಬೇಕು.

ಬೇರೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ಮೂರನೇ ಅಬ್ಲೇಶನ್ ಮಾಡಬಹುದು, ಈ ಸಲ ಹೃದಯದ ಹೊರಮೈಯಿಂದ. ಹಿಂದಿನ ಎರಡೂ ಸಲ ಒಳಗಿನಿಂದ ಮಾತ್ರ ಮಾಡಿದ್ದರೆ ನಾನು ರೇಡಿಯೇಷನ್‌ಗಿಂತ ಮುಂಚೆ ಇದನ್ನೇ ಕೇಳುತ್ತೇನೆ. ಆದರೆ ಸೋತ ಹೃದಯಕ್ಕೆ ಗಂಟೆಗಟ್ಟಲೆ ಅರಿವಳಿಕೆ, ರಕ್ತಸ್ರಾವ, ಪಾರ್ಶ್ವವಾಯುವಿನ ಅಪಾಯ ಅದರಲ್ಲಿದೆ. ಮೆಕ್ಸಿಲೆಟಿನ್ ಎಂಬ ಇನ್ನೊಂದು ಮಾತ್ರೆ ಸೇರಿಸಬಹುದು. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ವಾಕರಿಕೆ, ಕೈನಡುಕ ಬಂದು ಬಿಡಬೇಕಾಗುತ್ತದೆ. ಹೃದಯಕ್ಕೆ ಹೋಗುವ ಉದ್ರೇಕದ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ವಯಸ್ಸು, ಬೇರೆ ಅಂಗಗಳು ಒಪ್ಪಿದರೆ ಹೃದಯ ಕಸಿಯ ಮಾತೂ ಆಡಬಹುದು. ಐಸಿಡಿಯ ಸೆಟ್ಟಿಂಗ್ ಬದಲಿಸಿ, ಶಾಕ್‌ಗೆ ಮೊದಲು ನೋವಿಲ್ಲದ ವೇಗದ ಮಿಡಿತಗಳಿಂದ ವಿಟಿ ನಿಲ್ಲಿಸಲು ಅದಕ್ಕೆ ಜಾಸ್ತಿ ಅವಕಾಶ ಕೊಡಬಹುದು. ಈ ಸಣ್ಣ ಕೆಲಸವನ್ನು ಮಾಡದೇ ಬಿಟ್ಟ ರೋಗಿಗಳು ನಮ್ಮ ಹತ್ತಿರ ಬರುತ್ತಲೇ ಇರುತ್ತಾರೆ.

ರೇಡಿಯೇಷನ್ ಇನ್ನೂ ರೂಢಿಯ ಚಿಕಿತ್ಸೆಯಾಗಿಲ್ಲ. ಯುರೋಪಿನಲ್ಲಿ ಸ್ಟಾಪ್‌ಸ್ಟಾರ್ಮ್ ಎಂಬ ಒಕ್ಕೂಟ ಹಲವು ಆಸ್ಪತ್ರೆಗಳ ರೋಗಿಗಳ ಮಾಹಿತಿಯನ್ನು ಒಂದೆಡೆ ಸೇರಿಸುತ್ತಿದೆ. ಮತ್ತೊಮ್ಮೆ ಅಬ್ಲೇಶನ್ ಮೇಲೋ, ರೇಡಿಯೇಷನ್ ಮೇಲೋ ಎಂದು ನೇರವಾಗಿ ಹೋಲಿಸಲು ರೇಡಿಯೇಟ್-ವಿಟಿ ಎಂಬ ಬೇರೊಂದು ಪ್ರಯೋಗವೂ ಶುರುವಾಗಿದೆ. ಅಪ್ಪನಿಗೆ ಮಾಡಿಸುವುದಾದರೆ ಇಂಥ ಅಧ್ಯಯನದ ಒಳಗೆ, ಅಥವಾ ರೋಗಿಗಳನ್ನು ವರ್ಷಗಟ್ಟಲೆ ಲೆಕ್ಕವಿಟ್ಟು ನೋಡಿಕೊಳ್ಳುವ ಕಡೆ ಮಾಡಿಸಿ.

ನೀವು ಬರೆದಷ್ಟರ ಮೇಲೆ ನನ್ನ ಅನಿಸಿಕೆ: ಹೊರಮೈ ಅಬ್ಲೇಶನ್ ಆಗುವುದಿಲ್ಲ ಎಂದು ತಜ್ಞರು ಖಚಿತಪಡಿಸಿ, ಕಲೆ ಜಠರದಿಂದ ದೂರ ಇದ್ದು, ಶ್ವಾಸಕೋಶ ಚೆನ್ನಾಗಿದ್ದರೆ, ಅಪ್ಪನ ವಯಸ್ಸಿಗೆ ಇದು ಒಪ್ಪಬಹುದಾದ ಅಪಾಯ. ಎದೆಗೆ ಮುಂಚೆ ಯಾವಾಗಲಾದರೂ ರೇಡಿಯೇಷನ್ ಆಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ, ಅದನ್ನು ಮರೆಯದೆ ಹೇಳಿ.

ಮಾಡಿಸಿದರೆ, ಮೊದಲ ಆರು ವಾರ ತಾಳ್ಮೆ ಬೇಕು. ಆಗ ವಿಟಿ ಬರಬಹುದು, ಕೆಲವರಿಗೆ ಮೊದಲ ದಿನಗಳಲ್ಲಿ ಹೆಚ್ಚೂ ಆಗಬಹುದು. ಚಿಕಿತ್ಸೆ ಸೋತಿತು ಎಂದು ಆಗಲೇ ತೀರ್ಮಾನಿಸಬೇಡಿ, ಅಮಿಯೊಡರೋನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಒಂದು ಶಾಕ್ ಹೊಡೆದು ಅಪ್ಪ ಆರಾಮಾಗಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬೆನ್ನುಬೆನ್ನಿಗೆ ಎರಡು ಹೊಡೆದರೆ, ಇಲ್ಲವೇ ತಲೆ ಸುತ್ತಿ ಬಿದ್ದರೆ, ಫೋನ್‌ಗೆ ಕಾಯದೆ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ರೇಡಿಯೇಷನ್ ಕೊಟ್ಟ ಜಾಗ, ಡೋಸ್, ದಿನಾಂಕ ಇರುವ ಕಾಗದವನ್ನು ಐಸಿಡಿ ಕಾರ್ಡಿನ ಜೊತೆಗೇ ಇಡಿ. ಎರಡು ಮೂರು ವರ್ಷದ ನಂತರ ಹೊಟ್ಟೆನೋವು, ರಕ್ತವಾಂತಿ, ಕಾರಣ ತಿಳಿಯದ ಜ್ವರ ಅಂತ ಅಪ್ಪ ಬೇರೆ ಯಾವುದೋ ಡಾಕ್ಟರ್ ಹತ್ತಿರ ಹೋದರೂ, ಎಂಡೋಸ್ಕೋಪಿ ಮಾಡುವ ಮೊದಲೇ ಆ ಕಾಗದ ಅವರ ಕೈಗೆ ಕೊಡಿ.